ನೀರು ಎಲ್ಲಿ ಹೊಂಟೈತಿ?

ಮೊದಲು ಬಂದದ್ದು ವಾಸನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಿ ಹೊಲಗಳ ನಡುವೆ ಹೊರಟವರಿಗೆ ಪರಿಚಯದ ವಾಸನೆಗಳು ಕೆಲವಿರುತ್ತವೆ: ಕಾದ ಡಾಂಬರಿನದು, ಬಣವೆಯ ಒಣ ಕಣಿಕೆಯದು, ಎಲ್ಲೋ ಬದುವಿನಲ್ಲಿ ಸುಡುತ್ತಿರುವ ಹತ್ತಿಕಟ್ಟಿಗೆಯದು. ಇದು ಅವು ಯಾವುದೂ ಅಲ್ಲ. ಉಂಡಿಗೆ ಪಾಕ ಹಿಡಿಯುವಾಗ ಒಲೆಯ ಮುಂದೆ ಕುಳಿತ ಅವ್ವ ಒಂದು ಗಳಿಗೆ ಮೈಮರೆತರೆ ಬರುವಂಥ ಸಿಹಿ, ತುಸು ಕರಕು, ಮೂಗಿನ ಹಿಂಭಾಗದಲ್ಲಿ ಅಂಟಿಕೊಂಡು ಕೂಡುವ ವಾಸನೆ. ಅಕ್ಕನ ಮಗ ಗಾಜು ಇಳಿಸಿ ಹೊರಗೆ ಮೂಗು ಚಾಚಿದ. ರಸ್ತೆಯಲ್ಲಿ ನಾವಲ್ಲದೆ ಬೇರೆ ಗಾಡಿ ಇರಲಿಲ್ಲ.

ನೀವೂ ನಮ್ಮ ಜೊತೆ ಬನ್ನಿ. ಹಿಂದಿನ ಸೀಟಿನಲ್ಲಿ ಜಾಗ ಕಡಿಮೆ. ಮೊಣಕಾಲು ಎದೆಗೆ ತಾಗುತ್ತದೆ. ಅಳಿಯ ಈ ಕಾರನ್ನು ಎರಡು ವರ್ಷದಿಂದ ಮಗುವಿನ ಹಾಗೆ ಸಾಕಿದ್ದಾನೆ. ಕಂಪನಿ ಕೊಟ್ಟ ಟರ್ಬೊ ತೆಗೆಸಿ ದೊಡ್ಡದನ್ನು ಕೂಡ್ರಿಸಿದ್ದಾನೆ, ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಕಲಿಸಿದ್ದಾನೆ, ಮೂಗಿನ ಮುಂದೆ ಬೆಳ್ಳಗೆ ಹೊಳೆಯುವ ಇಂಟರ್‌ಕೂಲರ್ ಕಟ್ಟಿಸಿದ್ದಾನೆ. ಎಕ್ಸಲರೇಟರ್ ತುಳಿದರೆ ಜಾತ್ರೆಯ ತೊಟ್ಟಿಲು ಮೇಲಿಂದ ಕೆಳಗೆ ಬೀಳುವಾಗ ಆಗುವಂತೆ ಹೊಟ್ಟೆಯೊಳಗೆ ಏನೋ ಜುಂ ಅನ್ನುತ್ತದೆ. ನನಗೆ ಇಂಥ ಗಾಡಿಗಳ ಹುಚ್ಚಿಲ್ಲ. ದವನದ ಹುಣ್ಣಿಮೆಗೆ ಗಜೇಂದ್ರಗಡದ ಕಾಲಕಾಲೇಶ್ವರನ ತೇರು. ಹುಬ್ಬಳ್ಳಿಯಿಂದ ಹೊರಟವನು ‘ಮಾಮಾ, ನೀವೂ ಬರ್ರಿ’ ಅಂದ, ಬಂದೆ.

ನರಗುಂದದಲ್ಲಿ ಚಹಾಕ್ಕೆ ನಿಂತಾಗಲೇ ಅನುಮಾನ ಪಡಬೇಕಿತ್ತು. ಊರ ಬೆನ್ನಿಗೆ ಆನಿಕೊಂಡು ಕೂತಿರುವ ಆ ಗುಡ್ಡ ಬಿಸಿಲಿಗೆ ಹಂಚಿನ ಹಾಗೆ ಕಾದಿತ್ತು. ನಾನು ಅದರ ಕಡೆ ನೋಡುತ್ತ, 1858ರಲ್ಲಿ ಬಾಬಾಸಾಹೇಬ ಬಂಡೆದ್ದ ಕಥೆಯನ್ನು ಹುಡುಗನಿಗೆ ಹೇಳಬೇಕೆಂದು ಬಾಯಿ ತೆಗೆದರೆ, ಅವನು ಬಾನೆಟ್ ಎತ್ತಿ ಬಾಟಲಿಯಿಂದ ಏನೋ ಸುರುವುತ್ತಿದ್ದ. ‘ಕೂಲಂಟ್ ಸ್ವಲ್ಪ ಕಮ್ಮಿ ಆಗೈತ್ರಿ, ಹಂಗ ಆಗ್ತಿರತೈತಿ’ ಅಂದ. ನೆಲ ನೋಡಿದೆ, ಒಂದು ಹನಿ ಸೋರಿದ ಗುರುತಿಲ್ಲ. ಚಹಾದಂಗಡಿಯವನು ಕಪ್ಪು ತೊಳೆಯುತ್ತಲೇ, ‘ನೀರು ಹೋದಮ್ಯಾಲೆ ಎಲ್ಲ್ಯಾರ ಹೋಗಿರಬೇಕಲ್ರಿ’ ಅಂದ. ನರಗುಂದದವರು ಈ ಮಾತನ್ನು ಹಗುರಾಗಿ ಆಡುವುದಿಲ್ಲ. ಮಲಪ್ರಭೆಯ ನೀರಿನ ಕರದ ವಿರುದ್ಧ 1980ರ ಜುಲೈ 21ರಂದು ಇಲ್ಲಿ ರೈತರು ಗೋಲಿಬಾರಿಗೆ ಎದೆಯೊಡ್ಡಿದರು. 2015ರಿಂದೀಚೆಗೆ ಕಳಸಾ–ಬಂಡೂರಿ ನೀರಿಗಾಗಿ ಪೆಂಡಾಲು ಹಾಕಿ ವರ್ಷಗಟ್ಟಲೆ ಕೂತರು. ಬರಬೇಕಾದ ನೀರು ಎಲ್ಲಿ ಹೋಯಿತೆಂದು ಕೇಳುವುದು ಈ ಊರಿಗೆ ರೂಢಿ.

ರೋಣದಲ್ಲಿ ಮತ್ತೊಮ್ಮೆ ಬಾನೆಟ್ ಎತ್ತಿದ, ಮತ್ತೊಂದು ಅರ್ಧ ಲೀಟರ್. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ಕಡಲೆ, ಜೋಳ ಕಿತ್ತು ಬರಿದಾದ ಹೊಲಗಳು, ಕೈ ಹೋಗುವಷ್ಟು ಬಿರುಕು ಬಿಟ್ಟ ಕರಿ ನೆಲ. ದೂರಕ್ಕೆ ಗಜೇಂದ್ರಗಡದ ಗುಡ್ಡಸಾಲು ಕಾಣತೊಡಗಿದಾಗ ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ಆಕಳಿಸುವ ಹಾಗೆ ನಿಧಾನ ತಿರುಗುತ್ತಿದ್ದವು. ಅಳಿಯ ಡ್ಯಾಶ್‌ಬೋರ್ಡಿನ ಮೇಲೆ ಬೇರೆಯಾಗಿ ಅಂಟಿಸಿದ್ದ ಪುಟ್ಟ ಮೀಟರಿನ ಕೆಂಪು ಅಂಕಿ ಸಪಾಟು ದಾರಿಯಲ್ಲಿ 92ರ ಸುತ್ತ ಮಲಗಿತ್ತು. ಊರು ದಾಟಿ, ಗಾಳಿಯಂತ್ರ ಹತ್ತಿರದಿಂದ ನೋಡೋಣವೆಂದು ಗುಡ್ಡದ ಏರಿಗೆ ತಿರುಗಿಸಿದ. ಅಂಕಿ ಎದ್ದು ಕೂತಿತು. 98. 104. ‘ಇನ್ನೊಂದು ತಿರುವು’ ಅಂದ. 112. ಆಗ ಬಂತು ಆ ಪಾಕದ ವಾಸನೆ, ಅದರ ಹಿಂದೆಯೇ ಬಾನೆಟ್ಟಿನ ಸಂದಿಯಿಂದ ಬಿಳಿ ಉಗಿ.

ಇಳಿಜಾರಿನಲ್ಲಿ ಇಂಜಿನ್ ಬಂದು ಮಾಡಿಕೊಂಡು, ಗಾಡಿಯನ್ನು ಅದರ ಭಾರಕ್ಕೇ ಉರುಳಲು ಬಿಟ್ಟು, ಕಲ್ಲಿನ ಹಾಗೆ ಗಟ್ಟಿಯಾದ ಬ್ರೇಕನ್ನು ಎರಡೂ ಕಾಲಿಂದ ಒತ್ತುತ್ತ ಊರ ಅಂಚಿಗೆ ತಂದ. ಹಾಗೆ ಮಾಡಬಾರದೆಂದು ಆಮೇಲೆ ಬೈಸಿಕೊಂಡೆವು, ಇಬ್ಬರೂ. ಅಲ್ಲಿ ಬೇವಿನ ಗಿಡದ ಕೆಳಗೆ ಒಂದು ತಗಡಿನ ಶೆಡ್ಡು. ಮುಂದೆ ಒಂದು ಟ್ರ್ಯಾಕ್ಟರು ನಡು ಮುರಿದುಕೊಂಡು ಎರಡು ತುಂಡಾಗಿ ನಿಂತಿತ್ತು, ಮೂತಿ ಒಂದು ಕಡೆ, ಗೇರ್‌ಬಾಕ್ಸು ಒಂದು ಕಡೆ. ಪಕ್ಕದಲ್ಲಿ ಗಾಲಿ ಕಳಚಿದ ಟಂಟಂ. ನೆಲದ ಮಣ್ಣು ವರ್ಷಗಳ ಆಯಿಲ್ ಕುಡಿದು ತೊಗಲಿನಂತೆ ಮೆತ್ತಗಾಗಿತ್ತು. ಗೋಡೆಗೆ ಪಾನಾಗಳು ಅಳತೆಯ ಪ್ರಕಾರ ಸಾಲಾಗಿ ತೂಗುತ್ತಿದ್ದವು. ಒಂದು ಮೊಳೆ ಖಾಲಿ. ಆ ಖಾಲಿ ಮೊಳೆಯ ಪಾನಾ ಮಿಸ್ತ್ರಿಯ ಕೈಯಲ್ಲಿತ್ತು.

ಅಳಿಯ ಓಡಿಹೋಗಿ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಅರಿವೆ ಸುತ್ತಿದ.

‘ಮುಟ್ಟಬ್ಯಾಡ್ರಿ.’

ದನಿ ಏರಿಸಿ ಹೇಳಿದ ಮಾತಲ್ಲ. ಆದರೂ ಹುಡುಗನ ಕೈ ನಿಂತಿತು. ಮಿಸ್ತ್ರಿ ಬನಿಯನ್ನಿನ ತೋಳು ಸರಿಸಿ, ಮುಂಗೈಯಿಂದ ಮೊಣಕೈವರೆಗೆ ಹಬ್ಬಿದ ಹಳೆಯ ಸುಟ್ಟ ಕಲೆ ತೋರಿಸಿದರು. ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ನನಗೆ ಚಿಕ್ಕಂದಿನ ಕೆಂಪು ಬಸ್ಸು ನೆನಪಾಯಿತು. ಏರು ಮುಗಿದ ಕೂಡಲೇ ಡ್ರೈವರು ಇಳಿದು, ಒದ್ದೆ ಗೋಣಿಚೀಲ ಹಾಕಿ ಮುಚ್ಚಳ ತಿರುವಿ, ತಿರುವಿದ ಕ್ಷಣವೇ ಹಿಂದಕ್ಕೆ ಜಿಗಿಯುತ್ತಿದ್ದ. ಬುಸ್ಸೆಂದು ಉಗಿ ಆಳೆತ್ತರ ಏಳುತ್ತಿತ್ತು, ಹುಡುಗರಾದ ನಾವು ಕಿಟಕಿಯಿಂದ ಕೇಕೆ ಹಾಕುತ್ತಿದ್ದೆವು.

‘ಬಾನೆಟ್ ತೆರದ ಇರಲಿ. ಕೂಡ್ರಿ, ಚಾ ಬರತೈತಿ’ ಅಂದ ಮಿಸ್ತ್ರಿ ಟ್ರ್ಯಾಕ್ಟರಿನ ಕಡೆ ಹೊರಳಿದರು.

‘ತಣ್ಣೀರ ಹಾಕಿದ್ರ ಲಗೂನ ಆರತೈತಲ್ರಿ?’ ಅಳಿಯನ ಆತುರ.

‘ಕಾದ ಹಂಚಿನ ಮ್ಯಾಲೆ ನೀರು ಸುರುವಿದ್ರ ಏನಾಗತೈತಿ? ಹೆಡ್ಡು ಅಲ್ಯುಮಿನಿ ಐತಿ. ಸೊಟ್ಟ ಆತಂದ್ರ ನೀವು ಅಳಬೇಕು, ನಾ ನಗಬೇಕು.’

ಒಂದೂವರೆ ತಾಸು ಕೂತೆವು. ಕೂತಲ್ಲಿಂದ ಊರು ಕೇಳಿಸುತ್ತಿತ್ತು. ಯಾವುದೋ ಓಣಿಯಿಂದ ಮಗ್ಗದ ಲಟಕ್–ಪಟಕ್, ಅದರ ಮೇಲೆ ಜಾತ್ರೆಗೆ ಮೈಕು ಕಟ್ಟುವವರ ‘ಹಲೋ ಹಲೋ’, ಅದರ ಕೆಳಗೆ ತಣ್ಣಗಾಗುತ್ತಿರುವ ಇಂಜಿನ್ನಿನ ಟಿಕ್, ಟಿಕ್. ಕಾದ ಲೋಹ ಕುಗ್ಗುವಾಗ ಹೀಗೆ ಸದ್ದು ಮಾಡುತ್ತದೆ. ಆ ಸದ್ದಿನ ನಡುವಿನ ಬಿಡುವು ಉದ್ದವಾಗುತ್ತ ಹೋದದ್ದನ್ನು ಮಿಸ್ತ್ರಿ ಬೇರೆ ಕೆಲಸ ಮಾಡುತ್ತಲೇ ಕೇಳುತ್ತಿದ್ದರೆಂದು ನನಗೆ ತಡವಾಗಿ ತಿಳಿಯಿತು. ಟಿಕ್ ನಿಂತ ಮೇಲೆ ಎದ್ದು ಬಂದರು. ಪಕ್ಕದ ರೋಣ ಭೀಮಸೇನ ಜೋಶಿಯವರು ಹುಟ್ಟಿದ ಊರು; ಈ ಸೀಮೆಯವರ ಕಿವಿಯ ಬಗ್ಗೆ ನಾನು ಹೆಚ್ಚೇನೂ ಹೇಳಬೇಕಾಗಿಲ್ಲ.

ಬಂದವರು ಪಾನಾ ಎತ್ತಲಿಲ್ಲ, ಪ್ರಶ್ನೆ ಕೇಳಿದರು. ಎಷ್ಟು ದಿವಸದಿಂದ ಕಮ್ಮಿ ಆಗೈತಿ? ಎಷ್ಟು ಮೈಲಿಗೆ ಎಷ್ಟು ನೀರು? ಊರಾಗ ನಿಂತಾಗ ಹೀಟ್ ಆಗತೈತೋ, ಓಡಿಸುವಾಗೋ? ಮುಂಜಾನೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗಿ ಬರತೈತೇನು? ಕಾಲ ಬಳಿ ಕಾರ್ಪೆಟ್ ಹಸಿ ಆಗೈತೇನು? ಅಳಿಯ ಉತ್ತರ ಕೊಡುತ್ತ ಕೊಡುತ್ತ ತನ್ನ ಸಿದ್ಧಾಂತವನ್ನೂ ಹೇಳಿದ: ಮುಂದಿನ ಇಂಟರ್‌ಕೂಲರ್ ಗಾಳಿ ತಡೆಯುತ್ತಿದೆ, ಆದ್ದರಿಂದ ದೊಡ್ಡ ರೇಡಿಯೇಟರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ, ಮೂವತ್ತು ಸಾವಿರವಾದರೂ ಅಡ್ಡಿಯಿಲ್ಲ. ಮಿಸ್ತ್ರಿ ಕೇಳಿಸಿಕೊಂಡರು.

‘ಇರಬೌದು. ಆದ್ರ ನಾ ಒಂದು ಮಾತು ಕೇಳ್ತೀನಿ. ಹೀಟ್ ಆಗಿ ನೀರು ಹೋಗೈತೋ, ನೀರು ಹೋಗಿ ಹೀಟ್ ಆಗೈತೋ?’

ಅಳಿಯ ಸುಮ್ಮನಾದ. ನಾನೂ. ಮಿಸ್ತ್ರಿಯ ಮುಂದಿನ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದ ಕೆಲಸ.

ಮುಚ್ಚಳ ತೆಗೆದು ಬೆರಳಿಂದ ಅದರ ರಬ್ಬರು ತಡವಿದರು. ಮನೆಯ ಕುಕ್ಕರಿಗೆ ಸೀಟಿ ಹೇಗೋ ರೇಡಿಯೇಟರಿಗೆ ಈ ಮುಚ್ಚಳ ಹಾಗೆ: ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಡುತ್ತದೆ, ಅದರಿಂದ 100 ಡಿಗ್ರಿಗೆ ಕುದಿಯುವ ನೀರು 120ರವರೆಗೂ ಕುದಿಯದೆ ತಡೆದುಕೊಳ್ಳುತ್ತದೆ. ಅರ್ಧಕ್ಕರ್ಧ ಕೂಲಂಟ್ ಬೆರೆಸಿದ್ದರೆ ಇನ್ನೂ ತುಸು ಮೇಲೆ. ರಬ್ಬರು ಸೆಟೆದು ಮುಚ್ಚಳ ಸಡಿಲಾದರೆ ಆ ಇಪ್ಪತ್ತು ಡಿಗ್ರಿಯ ಆಸರೆ ಹೋಯಿತು. ಇದರ ರಬ್ಬರು ಮೆತ್ತಗಿತ್ತು. ಮುಚ್ಚಳ ಬಚಾವ್.

ಆಮೇಲೆ ಅಂಗೈ ಅಗಲಿಸಿ ರೇಡಿಯೇಟರಿನ ಮೈ ಮೇಲೆ, ಆಕಳ ಹೊಟ್ಟೆ ಸವರಿ ಗಬ್ಬ ನೋಡುವವರ ಹಾಗೆ, ಮೂಲೆಯಿಂದ ಮೂಲೆಗೆ ಸವರಿದರು. ಬಿಸಿಯ ನಡುವೆ ತಣ್ಣನೆಯ ತುಂಡು ಸಿಕ್ಕರೆ ಅಲ್ಲಿನ ನಾಳ ಕಟ್ಟಿದೆ ಎಂದರ್ಥ. ‘ನಮ್ಮ ಕಡೆ ಇದ ಮೊದಲ ರೋಗರೀ’ ಅಂದು, ಮೂಲೆಯಲ್ಲಿ ಬಿದ್ದ ಟ್ರ್ಯಾಕ್ಟರಿನ ಹಳೆ ರೇಡಿಯೇಟರ್ ತೋರಿಸಿದರು. ಒಳಗಿನ ನಾಳಗಳ ಬಾಯಿಯಲ್ಲಿ ಸುಣ್ಣದಂಥ ಬಿಳಿ ಗಚ್ಚು. ಬೋರಿನ ಸವಳು ನೀರು ಹಾಕಿ ಹಾಕಿ, ಚಹಾ ಕಾಸುವ ಪಾತ್ರೆಯ ತಳಕ್ಕೆ ಕೂಡುವ ಅದೇ ಬಿಳಿ ಪದರು ಇಲ್ಲೂ ಕೂಡುತ್ತದೆ. ನೀರಿದ್ದರೂ ಬಿಸಿ ಹೊರಗೆ ದಾಟುವುದಿಲ್ಲ. ಹೊಲದ ನಡುವೆ ಸೋರತೊಡಗಿದರೆ ಒಂದು ಹಿಡಿ ಅರಿಶಿನ ಪುಡಿ ಹಾಕಿ ಮನೆಗೆ ತರುವವರೂ ಇದ್ದಾರೆ. ಪುಡಿ ತೂತು ಮುಚ್ಚುತ್ತದೆ, ಹಾಗೆಯೇ ನಾಳವನ್ನೂ ಮುಚ್ಚುತ್ತದೆ. ಮಿಸ್ತ್ರಿಯ ಶೆಡ್ಡಿಗೆ ಅಂಥ ಹಳದಿ ರೇಡಿಯೇಟರುಗಳೂ ಬರುತ್ತವೆ.

ಅಳಿಯನ ರೇಡಿಯೇಟರ್ ಒಂದೇ ಸಮ ಬೆಚ್ಚಗಿತ್ತು. ಆದರೆ ಅದರ ಹಿಂದೆ ಬ್ಯಾಟರಿ ಬಿಟ್ಟ ಮಿಸ್ತ್ರಿ ‘ಇದ ಯಾರು ಕೊಯ್ದಾರ?’ ಅಂದರು. ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಕವಚವನ್ನು ಇಂಟರ್‌ಕೂಲರಿನ ಪೈಪು ಹಾಯಿಸಲಿಕ್ಕೆಂದು ಅರ್ಧ ಕತ್ತರಿಸಿ ಒಗೆದಿದ್ದರು. ಮಹಾನಗರದ ಯಾವುದೋ ಗ್ಯಾರೇಜಿನ ಕೆಲಸ; ಹೆಸರು ಬೇಡ. ಕವಚವಿಲ್ಲದ ಫ್ಯಾನು ಮುಂದಿನ ಗಾಳಿ ಎಳೆಯುವ ಬದಲು ಪಕ್ಕದ ಕಾದ ಗಾಳಿಯನ್ನೇ ಎಳೆದು ಮತ್ತೆ ಅಲ್ಲೇ ಸುತ್ತಿಸುತ್ತದೆ. ನಿಧಾನ ಹೋಗುವಾಗ, ಏರು ಹತ್ತುವಾಗ ಇದು ಕಾಡದೆ ಬಿಡುವುದಿಲ್ಲ. ಅಳಿಯನ ಮುಖ ಅರಳಿತು, ಕಾರಣ ಸಿಕ್ಕಿತಲ್ಲ ಅಂತ. ಮಿಸ್ತ್ರಿ ತಲೆ ಆಡಿಸಿದರು. ‘ಇದು ಹೀಟ್ ಆಗೂದಕ್ಕ ಕಾರಣ. ನೀರು ಹೋಗೂದಕ್ಕ ಅಲ್ಲ.’

ಸೋರಿದ ಕೂಲಂಟ್ ಒಣಗಿದಲ್ಲಿ ಉಪ್ಪಿನಂಥ ಹಕ್ಕಳೆ ಬಿಡುತ್ತದೆ. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಹೋಸ್ ಪೈಪುಗಳ ಕ್ಲಿಪ್ಪು, ಟರ್ಬೊದ ನೀರಿನ ಕೊಳವೆ, ಎಲ್ಲ ಕಡೆ ಬ್ಯಾಟರಿ ಬಿಟ್ಟು ನೋಡಿದರು, ಎಲ್ಲೂ ಹಕ್ಕಳೆಯಿಲ್ಲ. ರಿಸರ್ವ್ ಟ್ಯಾಂಕಿನ ಕೆಳಗೆ, ಹೆಚ್ಚಿನ ನೀರು ಹೊರಗೆ ಬೀಳುವ ಸಣ್ಣ ನಳಿಗೆಯ ತುದಿಯಲ್ಲಿ ಮಾತ್ರ ಹಸಿರು ಕಲೆಯೊಂದು ಒಣಗಿತ್ತು. ಅದನ್ನು ಉಗುರಿಂದ ಕೆರೆದು ಮೂಸಿ, ಏನೂ ಹೇಳದೆ ಒಳಗೆ ಹೋಗಿ ಕೈಪಂಪು ತಂದರು. ಮುಚ್ಚಳದ ಜಾಗಕ್ಕೆ ಕೂಡಿಸಿ, ಸೈಕಲ್ಲಿಗೆ ಗಾಳಿ ಹಾಕಿದ ಹಾಗೆ ಐದಾರು ಸಲ ಒತ್ತಿದರು. ಮುಳ್ಳು 1 ಬಾರಿಗೆ ಬಂದು ನಿಂತಿತು. ‘ಊಟ ಮಾಡಿ ಬರ್ರಿ.’

ರೊಟ್ಟಿ, ಹೆಸರುಕಾಳಿನ ಪಲ್ಯ, ಕೆಂಪು ಖಾರ, ಮಜ್ಜಿಗೆ. ಬಂದು ನೋಡಿದರೆ ಮುಳ್ಳು ಕದಲಿರಲಿಲ್ಲ. ಹೊರಗೆ ಎಲ್ಲೂ ತೂತಿಲ್ಲ. ನೀರು ಮಾತ್ರ ದಿನಾ ಕಮ್ಮಿಯಾಗುತ್ತಿದೆ. ಅಳಿಯನಿಗೆ ತಲೆ ಕೆಟ್ಟಿತು. ಮಿಸ್ತ್ರಿಗೆ ಆಗಲೇ ಅರ್ಧ ಉತ್ತರ ಸಿಕ್ಕಿತ್ತೆಂದು ಅವರು ಬೀಡಿ ಹಚ್ಚಿದ ರೀತಿಯಿಂದ ತಿಳಿದೆ. ‘ರಾತ್ರಿ ಇಲ್ಲೇ ಬಿಡ್ರಿ. ಮುಂಜಾನೆ ತಣ್ಣಗಿದ್ದಾಗ ಅದು ಸುಳ್ಳ ಹೇಳೂದಿಲ್ಲ.’ ಹೊರಡುವಾಗ ಹುಡುಗನ ಕಿವಿಯಲ್ಲಿ ಇನ್ನೊಂದು ಮಾತು ಹಾಕಿದರು: ‘ಇಷ್ಟೆಲ್ಲಾ ಬದಲ್ ಮಾಡೀರಿ, ಆರ್‌ಟಿಓದಾಗ ಬರಸೀರೇನು?’ ಅಳಿಯ ನಕ್ಕು ತಪ್ಪಿಸಿಕೊಂಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರದಿಂದ ಗಾಡಿಯನ್ನು ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಮಾಡಿ ಹೇಳಿತು. ರ್‍ಯಾಲಿಯ ಅಂಗಳದಲ್ಲಿ ಸರಿ, ರೋಣದ ರಸ್ತೆಯಲ್ಲಿ ಅಲ್ಲ. ಮಾವನಾದವನು ಇದನ್ನು ಮೊದಲೇ ಹೇಳಬೇಕಿತ್ತು.

ಬೆಳಿಗ್ಗೆ ಆರಕ್ಕೆ ಶೆಡ್ಡಿನ ಮುಂದೆ ನೀರು ಚಿಮುಕಿಸಿ ಗುಡಿಸಿದ್ದರು. ಒದ್ದೆ ಮಣ್ಣಿನ ವಾಸನೆ ಆಯಿಲಿನ ವಾಸನೆಯನ್ನು ಗೆದ್ದಿತ್ತು. ಐಟಿಐ ಮುಗಿಸಿ ಬಂದ ಹುಡುಗನೊಬ್ಬ ರೇಡಿಯೇಟರಿನ ಕಂಠದವರೆಗೆ ನೀರು ತುಂಬಿ, ಮುಚ್ಚಳ ಹಾಕದೆ ಇಂಜಿನ್ ಚಾಲೂ ಮಾಡಿದ. ಮಿಸ್ತ್ರಿ ಬಗ್ಗಿ ನಿಂತರು. ನೀವೂ ಬಗ್ಗಿ ನೋಡಿ. ಮೊದಲು ಒಂದೆರಡು ಗುಳ್ಳೆ. ಒಳಗೆ ಸಿಕ್ಕಿಕೊಂಡ ಗಾಳಿ ಇದ್ದೀತು. ಆಮೇಲೂ ಗುಳ್ಳೆ ನಿಲ್ಲಲಿಲ್ಲ. ಸಣ್ಣ ಸಣ್ಣವು, ಕೆರೆಯ ತಳದಲ್ಲಿ ಮೀನು ಉಸಿರಾಡಿದಂತೆ, ಇಂಜಿನ್ನಿನ ಲಯಕ್ಕೆ ಸರಿಯಾಗಿ ಒಂದರ ಹಿಂದೊಂದು. ಮುಚ್ಚಳ ಹಾಕಿಸಿ, ಮೇಲಿನ ಹೋಸ್ ಪೈಪನ್ನು ಅಳಿಯನ ಕೈಗೆ ಕೊಟ್ಟರು. ‘ಹಿಚುಕ್ರಿ.’ ಪೈಪು ಇನ್ನೂ ತಣ್ಣಗಿತ್ತು. ಒಂದು ನಿಮಿಷದೊಳಗೆ ಕಬ್ಬಿನ ಗಣಿಕೆಯ ಹಾಗೆ ಬಿರುಸಾಯಿತು.

‘ನೀರು ಇನ್ನೂ ಬೆಚ್ಚಗ ಸೈತ ಆಗಿಲ್ಲ. ಉಗಿ ಎಲ್ಲಿಂದ ಬರಬೇಕು? ಇದು ಉಗಿ ಅಲ್ಲ, ಸಿಲಿಂಡರಿನ ಹೊಗಿ.’

ನಾಲ್ಕು ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಮಲಗಿಸಿದರು. ಮೂರರ ತುದಿಗೆ ಕಾಫಿಪುಡಿಯ ಬಣ್ಣ. ಒಂದು ಮಾತ್ರ, ಮೂರನೇ ಸಿಲಿಂಡರಿನದು, ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯಂತೆ ಸ್ವಚ್ಛ. ಉಗಿ ತೊಳೆದ ಪ್ಲಗ್ಗು ಹೀಗಿರುತ್ತದೆ. ಅನುಮಾನ ಉಳಿಯಬಾರದೆಂದು ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಪೈಪು ಎಳೆದು, ಆ ಮೂರನೇ ತೂತಿಗೆ ಗಾಳಿ ಬಿಟ್ಟರು. ರೇಡಿಯೇಟರಿನ ಕಂಠದಲ್ಲಿ ಬುಳಬುಳ.

ಆಮೇಲೆ ಬೇವಿನ ಗಿಡಕ್ಕೆ ಬೆನ್ನು ಕೊಟ್ಟು ಕೂತು, ಎರಡು ರೊಟ್ಟಿ ಒಂದರ ಮೇಲೊಂದು ಇಟ್ಟ ಹಾಗೆ ಅಂಗೈ ಜೋಡಿಸಿ ತೋರಿಸಿದರು. ಕೆಳಗಿನದು ಬ್ಲಾಕು, ಮೇಲಿನದು ಹೆಡ್ಡು, ನಡುವೆ ಕಾಗದದಷ್ಟು ಗ್ಯಾಸ್ಕೆಟ್. ಬೋಲ್ಟುಗಳು ಎರಡನ್ನೂ ಅದುಮಿ ಹಿಡಿದಿರುತ್ತವೆ, ಕಂಪನಿಯವರು ಎಷ್ಟು ಸಿಡಿತಕ್ಕೆ ಲೆಕ್ಕ ಹಾಕಿದ್ದರೋ ಅಷ್ಟಕ್ಕೆ. ದೊಡ್ಡ ಟರ್ಬೊ ಹೆಚ್ಚು ಗಾಳಿ ತುರುಕುತ್ತದೆ, ಸಿಡಿತ ಜೋರಾಗುತ್ತದೆ, ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಹೆಡ್ಡು ಕೂದಲೆಳೆಯಷ್ಟು ಏಳುತ್ತದೆ. ಅಲ್ಲಿಂದ ಬೆಂಕಿಯ ಗಾಳಿ ನೀರಿನ ದಾರಿಗೆ ನುಗ್ಗಿ, ನೀರನ್ನು ರಿಸರ್ವ್ ಟ್ಯಾಂಕಿಗೆ ನೂಕಿ, ಟ್ಯಾಂಕು ತುಂಬಿ ಆ ಸಣ್ಣ ನಳಿಗೆಯಿಂದ ಕಾದ ರಸ್ತೆಯ ಮೇಲೆ ಚೆಲ್ಲುತ್ತದೆ. ಗಾಡಿ ಮುಂದೆ ಹೋಗಿರುತ್ತದೆ, ಹನಿ ಹಿಂದೆ ಆರಿರುತ್ತದೆ. ಗಾಡಿ ನಿಂತು ತಣ್ಣಗಾದರೆ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಕೈಪಂಪಿನದು 1 ಬಾರ್, ಸಿಲಿಂಡರಿನೊಳಗಿನದು ಅದರ ಹತ್ತಾರು ಪಟ್ಟು. ನಿನ್ನೆ ಮುಳ್ಳು ಕದಲದಿದ್ದುದು ಅದಕ್ಕೇ.

‘ದೊಡ್ಡ ರೇಡಿಯೇಟರ್ ಹಾಕಿದ್ರ?’ ಅಳಿಯ ಮೆಲ್ಲಗೆ ಕೇಳಿದ.

‘ಇನ್ನೆರಡು ಲೀಟರ್ ಹೆಚ್ಚಿಗಿ ಚೆಲ್ಲತಿತ್ತು.’

ಹೆಡ್ಡು ಇಳಿಸುವ ಕೆಲಸಕ್ಕೆ ಅರ್ಧ ದಿನ ಬೇಕು. ಅದನ್ನು ಹುಬ್ಬಳ್ಳಿಗೆ ಕಳಿಸಿ, ಮೈ ಸಪಾಟಾಗಿದೆಯೇ ನೋಡಿ ಉಜ್ಜಿಸಬೇಕು. ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗ ಓರೆಯಿದ್ದರೂ ಹೊಸ ಗ್ಯಾಸ್ಕೆಟ್ ಬಾಳದಿರಬಹುದು. ಪದರ ಪದರದ ಉಕ್ಕಿನ ಗ್ಯಾಸ್ಕೆಟ್ ಬೇಕು, ಹೊಸ ಬೋಲ್ಟು ಬೇಕು. ಒಮ್ಮೆ ಹಿಗ್ಗಿದ ಹಳೆಯವು ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಫ್ಯಾನಿನ ಕವಚ ತಗಡಿನಲ್ಲಿ ತಾವೇ ಮಾಡಿಕೊಡುವುದಾಗಿ ಮಿಸ್ತ್ರಿ ಒಪ್ಪಿದರು. ಟರ್ಬೊದ ಒತ್ತಡ ಇಳಿಸುವ ಮಾತು ಬಂದಾಗ ಅಳಿಯ ಆಕಾಶ ನೋಡಿದ.

ನಾನು ಅಷ್ಟರಲ್ಲಿ ಕಾಲಕಾಲೇಶ್ವರನ ಮೆಟ್ಟಿಲು ಹತ್ತಿ ಬಂದೆ. ಬಂಡೆಗೆ ಅಂಟಿದ ಗುಡಿ, ಅರಳಿಯ ಬೇರಿನ ಬುಡದಿಂದ ಕಲ್ಲಿನ ಕುಂಡಕ್ಕೆ ತೊಟಕ್, ತೊಟಕ್ ಎಂದು ಬೀಳುವ ಅಂತರಗಂಗೆ. ಕೆಳಗೆ ನೆಲವೆಲ್ಲ ಬಿರಿದಿರುವ ಈ ಏಪ್ರಿಲ್‌ನಲ್ಲೂ ಹನಿ ನಿಂತಿಲ್ಲ. ಜಾತ್ರೆಗೆ ಬಂದವರು ಬೊಗಸೆ ಒಡ್ಡಿ ಕುಡಿದು, ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಅದು ಎಲ್ಲಿಂದ ಬರುತ್ತದೆ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಮಿಸ್ತ್ರಿಯನ್ನು ಕರೆತಂದಿದ್ದರೆ ಕೇಳುತ್ತಿದ್ದರೇನೋ.

ಇಳಿದು ಬಂದಾಗ ಕಾರಿನ ಎದೆ ಬಿಚ್ಚಿ, ಹೆಡ್ಡನ್ನು ಗೋಣಿಚೀಲದ ಮೇಲೆ ಬೋರಲು ಮಲಗಿಸಿದ್ದರು. ಮೂರನೇ ತೂತಿನ ಅಂಚಿನಲ್ಲಿ ಬೆರಳುಗುರಿನಷ್ಟು ಕಪ್ಪು ಗೀರು, ಅಲ್ಲಿಂದ ಪಕ್ಕದ ನೀರಿನ ರಂಧ್ರದವರೆಗೆ. ಇಷ್ಟಕ್ಕೇ ನರಗುಂದದಿಂದ ಇಲ್ಲಿಯವರೆಗೆ ಬಾಟಲಿ ಬಾಟಲಿ ಸುರುವಿದ್ದೆವು. ಅಳಿಯ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದ. ಕೆಳಗೆ ಅಗಲ ಬೋಗುಣಿಯಲ್ಲಿ ಇಳಿಸಿದ ಕೂಲಂಟು ತಿಳಿಹಸಿರಾಗಿ ಹೊಳೆಯುತ್ತಿತ್ತು. ಓಣಿಯ ಆಡೊಂದು ಬಂದು ಬೋಗುಣಿಗೆ ಮೂತಿ ಚಾಚಿತು. ‘ಹೇ, ಹೊಡೀಲೇ ಅದನ್ನ!’ ಎಂದು ಮಿಸ್ತ್ರಿ ಮೊದಲ ಸಲ ದನಿ ಏರಿಸಿದರು. ‘ರುಚಿ ಸಿಹಿ ಇರತೈತ್ರಿ, ಕುಡದು ಸಾಯ್ತಾವು.’ ಐಟಿಐ ಹುಡುಗ ಆಡನ್ನು ಅಟ್ಟಿ, ಹಸಿರು ನೀರನ್ನು ಕ್ಯಾನಿಗೆ ಸುರುವಿ, ಬಿರಡೆ ಬಿಗಿದು, ಶೆಡ್ಡಿನ ಒಳಮೂಲೆಯಲ್ಲಿ ಎತ್ತರಕ್ಕಿಟ್ಟ.